ಕರ್ಪೂರ ಹಾರಿದ ಮೇಲೆ

ಕಳೆದ ಬೇಸಿಗೆಯಲ್ಲಿ ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಸಿಕ್ಕಿತು. ಗಾಳಿ ಹೋಗಬಾರದೆಂದು ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿದ್ದರು. ಸುತ್ತಿದವನು ನಾನೇ, ಹೈಸ್ಕೂಲಿಗೆ ಹಾಸ್ಟೆಲ್ ಸೇರುವ ಹಿಂದಿನ ದಿನ. ಒಳಗೆ ಇದ್ದದ್ದು ನನ್ನ ಆಗಿನ ಆಸ್ತಿ: ಸಿನಿಮಾ ಫಿಲಂ ತುಂಡುಗಳು.

ನಮ್ಮ ಸೋದರಮಾವ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಊರೂರು ತಿರುಗಿ ಬಂದ ಪ್ರಿಂಟು ನಮ್ಮ ಟೆಂಟಿಗೆ ತಲುಪುವ ಹೊತ್ತಿಗೆ ಗೀರು ಬಿದ್ದು, ಹಲ್ಲುತೂತು ಹರಿದು ಸುಸ್ತಾಗಿರುತ್ತಿತ್ತು. ಹರಿದ ಕಡೆ ಕತ್ತರಿಸಿ, ಎರಡು ತುದಿಗೂ ಫಿಲಂ ಸಿಮೆಂಟ್ ಹಚ್ಚಿ, ಒತ್ತಿಹಿಡಿದು ಅಂಟಿಸುವುದು ಅವರ ನಿತ್ಯದ ಕೆಲಸ. ಕತ್ತರಿಸಿ ಬಿಸಾಡಿದ ತುಂಡು ನನ್ನ ಪಾಲಿಗೆ. ಸುಟ್ಟುಹೋದ ಬಲ್ಬಿಗೆ ನೀರು ತುಂಬಿ ಮಸೂರ ಮಾಡಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಅಜ್ಜನ ಪಂಚೆಯ ಮೇಲೆ ನಾವು ಹುಡುಗರು ಸಿನಿಮಾ ತೋರಿಸುತ್ತಿದ್ದೆವು. ಚಿತ್ರ ಅಲುಗಾಡುತ್ತಿರಲಿಲ್ಲ. ಆದರೂ ಒಂದು ಗೋಲಿ ಟಿಕೆಟ್ಟು.

ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆದದ್ದು ಹುಳಿ. ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತಾಗ ಬರುತ್ತದಲ್ಲ, ಆ ವಿನಿಗರ್ ವಾಸನೆ. ತುಂಡುಗಳೆಲ್ಲ ಒಣಗಿದ ಬಾಳೆಸಿಪ್ಪೆಯಂತೆ ಸುರುಳಿ ಸುತ್ತಿಕೊಂಡಿದ್ದವು. ಕೆಲವದರ ಮೇಲೆ ಬಿಳಿ ಪುಡಿ ಕೂತಿತ್ತು. ಒಂದನ್ನು ನೆಟ್ಟಗೆ ಮಾಡಲು ಹೋದೆ, ಹಪ್ಪಳದಂತೆ ಮುರಿಯಿತು.

ಪ್ರೊಜೆಕ್ಟರಿನ ಹಲ್ಲುಚಕ್ರ ಸೆಕೆಂಡಿಗೆ 24 ಸಲ ಹಿಡಿದೆಳೆದು ನಿಲ್ಲಿಸಿ ಮತ್ತೆ ಎಳೆದರೂ ತಾಳಿಕೊಂಡಿದ್ದ ವಸ್ತು, ಡಬ್ಬದಲ್ಲಿ ಸುಮ್ಮನೆ ಮಲಗಿದ್ದು ಹೇಗೆ ಇಷ್ಟು ಪೆಡಸಾಯಿತು? ಈ ಪ್ರಶ್ನೆ ಹಿಡಿದು ಹೊರಟವನಿಗೆ ಸಿಕ್ಕಿದ್ದು ಒಂದು ಬೆರಕೆಯ ಚರಿತ್ರೆ. ಸಿನಿಮಾ ಚರಿತ್ರೆಯಲ್ಲಿ ನಾವು ನಟರ, ನಿರ್ದೇಶಕರ, ಕಂಪನಿಗಳ ಹೆಸರು ಓದುತ್ತೇವೆ. ಅವರೆಲ್ಲರ ಬಿಂಬ ಕೂತದ್ದು ಯಾವುದರ ಮೇಲೆ, ಅದರಲ್ಲಿ ಏನೇನು ಕಲಸಿದ್ದರು ಎಂಬುದನ್ನು ಕೇಳುವುದು ಕಡಿಮೆ.

ಕತೆ ಶುರುವಾಗುವುದು ಹತ್ತಿಯಿಂದ. ಹತ್ತಿ, ಮರ, ಸೆಣಬು, ಬಾಳೆನಾರು ಇವಕ್ಕೆಲ್ಲ ಬಲ ಕೊಡುವುದು ಸೆಲ್ಯುಲೋಸ್. ಸಕ್ಕರೆಯ ಅಣುಗಳು ಸಾವಿರಗಟ್ಟಲೆ ಕೈಹಿಡಿದು ನಿಂತ ಉದ್ದುದ್ದ ಸರಪಳಿಗಳು. ಪಕ್ಕಪಕ್ಕದ ಸರಪಳಿಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆಂದರೆ, ಬಿಸಿ ಮಾಡಿದರೆ ಸೆಲ್ಯುಲೋಸ್ ಕರಗುವುದಿಲ್ಲ, ಸುಟ್ಟುಹೋಗುತ್ತದೆ. ಹತ್ತಿಯನ್ನು ಕರಗಿಸಿ ಅಚ್ಚಿಗೆ ಹೊಯ್ಯಲು ಆಗದು.

1846ರ ಸುಮಾರಿಗೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಕ್ರಿಶ್ಚಿಯನ್ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಅದ್ದಿ ನೈಟ್ರೋಸೆಲ್ಯುಲೋಸ್ ಮಾಡಿದ. ನೋಡಲು ಹತ್ತಿಯೇ. ಕಿಡಿ ತಾಗಿದರೆ ಮದ್ದಿನಂತೆ ಭುಗಿಲೆನ್ನುತ್ತಿತ್ತು. ನೈಟ್ರೇಟಿನ ಪಾಲು ಸ್ವಲ್ಪ ತಗ್ಗಿಸಿದರೆ ಅದು ಈಥರ್ ಮತ್ತು ಆಲ್ಕೋಹಾಲಿನ ಮಿಶ್ರಣದಲ್ಲಿ ಕರಗುತ್ತಿತ್ತು. ಒಣಗಿಸಿದರೆ ತಿಳಿಯಾದ ಪೊರೆ ಉಳಿಯುತ್ತಿತ್ತು. ಆದರೆ ಆ ಪೊರೆ ಕುಗ್ಗಿ, ಬಿರುಕು ಬಿಟ್ಟು ಒಡೆಯುತ್ತಿತ್ತು. ಬಿಗಿತ ಬೇಕಾದಷ್ಟಿತ್ತು. ಇಲ್ಲದ್ದು ಬಳುಕು.

ಬರ್ಮಿಂಗ್‌ಹ್ಯಾಮಿನ ಅಲೆಕ್ಸಾಂಡರ್ ಪಾರ್ಕ್ಸ್ ಅದಕ್ಕೆ ಬಳುಕು ಕೊಡಲು ಹೊರಟ. ಅವನು ಬೆರೆಸಿದ ವಸ್ತುಗಳಲ್ಲಿ ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಹರಳೆಣ್ಣೆಯೂ ಇತ್ತು, ಕರ್ಪೂರವೂ ಇತ್ತು. 1862ರ ಲಂಡನ್ ಪ್ರದರ್ಶನದಲ್ಲಿ ಅವನ 'ಪಾರ್ಕಸೈನ್' ಬಾಚಣಿಗೆ, ಗುಂಡಿ, ಹಿಡಿಕೆಗಳಿಗೆ ಪದಕ ಬಂತು. 1866ರಲ್ಲಿ ಕಂಪನಿ ತೆರೆದ, ಎರಡೇ ವರ್ಷದಲ್ಲಿ ಮುಚ್ಚಿತು. ಪದಾರ್ಥ ಒಣಗುತ್ತ ಹೋದಂತೆ ಸೊಟ್ಟಗಾಗುತ್ತಿತ್ತು, ಬಿರಿಯುತ್ತಿತ್ತು.

ಹದ ಸಿಕ್ಕಿದ್ದು ಅಮೆರಿಕದ ಆಲ್ಬನಿ ಊರಿನ ಮುದ್ರಣ ಕೆಲಸಗಾರ ಜಾನ್ ವೆಸ್ಲಿ ಹಯಾಟ್‌ಗೆ. ಬಿಲಿಯರ್ಡ್ ಚೆಂಡಿಗೆ ಆನೆದಂತದ ಬದಲು ಬೇರೇನಾದರೂ ಕಂಡುಹಿಡಿದವರಿಗೆ 10,000 ಡಾಲರ್ ಎಂಬ ಜಾಹೀರಾತು ಅವನನ್ನು ಈ ದಾರಿಗೆ ಎಳೆಯಿತು. ಅವನು ನೈಟ್ರೋಸೆಲ್ಯುಲೋಸನ್ನು ಗಟ್ಟಿ ಕರ್ಪೂರದೊಂದಿಗೆ ಅರೆದು, ಬಿಸಿಯಲ್ಲಿ ಒತ್ತಡ ಹಾಕಿ ಒಂದು ಮಾಡಿದ. ಬಿಸಿಯಲ್ಲಿ ಕರ್ಪೂರವೇ ದ್ರಾವಕವಾಯಿತು. ತಣಿದ ಮೇಲೆ ಒಳಗೇ ಉಳಿಯಿತು. 1870ರಲ್ಲಿ ಪೇಟೆಂಟ್ ದೊರೆಯಿತು. ಅವನ ಅಣ್ಣ ಐಸಾಯಾ ಇದಕ್ಕೆ 'ಸೆಲ್ಯುಲಾಯ್ಡ್' ಎಂದು ಹೆಸರಿಟ್ಟ. ತೂಕದಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು ಕರ್ಪೂರ.

ಕರ್ಪೂರ ಅಲ್ಲಿ ಮಾಡಿದ್ದೇನೆಂದು ತಿಳಿಯಲು ಹೋಳಿಗೆ ಮಾಡುವವರ ಕೈ ನೋಡಬೇಕು. ಕಣಕಕ್ಕೆ ಧಾರಾಳವಾಗಿ ಎಣ್ಣೆ ಹಾಕಿ ನಾದಿ, ನೆನೆಯಲು ಬಿಟ್ಟರೆ ಅದು ಹರಿಯದೆ ತೆಳ್ಳಗೆ ಹಿಗ್ಗುತ್ತದೆ. ಎಣ್ಣೆ ಸಾಲದಿದ್ದರೆ ತಟ್ಟುವಾಗಲೇ ಹೂರಣ ಹೊರಗೆ ಇಣುಕುತ್ತದೆ. ಕರ್ಪೂರದ ಪುಟ್ಟ ಅಣುಗಳು ಸೆಲ್ಯುಲೋಸ್ ಸರಪಳಿಗಳ ನಡುವೆ ನುಸುಳಿ, ಒಂದರ ಹಿಡಿತದಿಂದ ಇನ್ನೊಂದನ್ನು ಸ್ವಲ್ಪ ಬಿಡಿಸುತ್ತವೆ. ಎಳೆದರೆ ಸರಪಳಿಗಳು ತುಸು ಜಾರುತ್ತವೆ, ಮಡಿಸಿದರೆ ಜಾಗ ಕೊಡುತ್ತವೆ. ಬಿಗಿತ ಸ್ವಲ್ಪ ಕಡಿಮೆಯಾಗುತ್ತದೆ, ಮುರಿಯುವ ಮುನ್ನ ಬಾಗುವ ಗುಣ ಬರುತ್ತದೆ. ಹೀಗೆ ಬಳುಕಿಸುವ ವಸ್ತುವಿಗೆ ಮುಂದೆ ಪ್ಲಾಸ್ಟಿಸೈಜರ್ ಎಂಬ ಹೆಸರು ಬಂತು.

ಚೆಂಡಿನ ಮಟ್ಟಿಗೆ ಸೆಲ್ಯುಲಾಯ್ಡ್ ಅಷ್ಟೇನೂ ಗೆಲ್ಲಲಿಲ್ಲ. ದಂತದ ಪುಟಿತ ಅದಕ್ಕೆ ಬರಲಿಲ್ಲ. ಗೆದ್ದದ್ದು ಬಾಚಣಿಗೆ, ಗೊಂಬೆ, ಅಂಗಿಯ ಕಾಲರು, ಪೆಟ್ಟಿಗೆಗಳಲ್ಲಿ. ಹಲ್ಲುಸೆಟ್ಟಿನ ವಸಡನ್ನೂ ಅದರಲ್ಲಿ ಮಾಡಿದರು. ಕಟ್ಟಿಕೊಂಡವರ ಬಾಯಲ್ಲಿ ಸದಾ ಕರ್ಪೂರದ ರುಚಿ. ಬಿಸಿಯಾದದ್ದೇನಾದರೂ ಕುಡಿದರೆ ಸೆಟ್ಟು ಮೆತ್ತಗಾಗುವ ಭಯ ಬೇರೆ.

ಆ ಕರ್ಪೂರ ಎಲ್ಲಿಂದ ಬಂತು? ಆಗಿನ ಕರ್ಪೂರವೆಂದರೆ ಮರದ್ದೇ. ಬಹುಪಾಲು ಬರುತ್ತಿದ್ದುದು ತೈವಾನಿನ ಬೆಟ್ಟಗಳಿಂದ. 1895ರಲ್ಲಿ ಜಪಾನ್ ತೈವಾನನ್ನು ವಶಪಡಿಸಿಕೊಂಡಿತು, 1899ರಲ್ಲಿ ಅಲ್ಲಿನ ಕರ್ಪೂರದ ವ್ಯಾಪಾರವನ್ನು ಸರ್ಕಾರದ ಏಕಸ್ವಾಮ್ಯ ಮಾಡಿತು. ಕರ್ಪೂರದ ಕಾಡು ಇದ್ದದ್ದು ಅಟಯಾಲ್ ಮೊದಲಾದ ಮೂಲನಿವಾಸಿಗಳ ನೆಲದಲ್ಲಿ. ಕಾವಲುಗಾರರ ಸಾಲು, ವಿದ್ಯುತ್ ಹರಿಸಿದ ತಂತಿಬೇಲಿ ಹಿಡಿದುಕೊಂಡು ಸರ್ಕಾರ ಅವರನ್ನು ಬೆಟ್ಟದೊಳಕ್ಕೆ ಒತ್ತುತ್ತ ಹೋಯಿತು. ನ್ಯೂಯಾರ್ಕಿನ ಗುಮಾಸ್ತನ ಕಾಲರೂ ಪ್ಯಾರಿಸ್ಸಿನ ಹುಡುಗಿಯ ಬಾಚಣಿಗೆಯೂ ಬಳುಕಬೇಕಾದರೆ ತೈವಾನಿನ ಮರ ಉರುಳಬೇಕಿತ್ತು. ಬೆಲೆ ಏರಿದ್ದರಿಂದಲೇ ಜರ್ಮನರು ಟರ್ಪೆಂಟೈನಿನಿಂದ ಕೃತಕ ಕರ್ಪೂರ ಮಾಡುವ ದಾರಿ ಹುಡುಕಿದರು. ಇವತ್ತು ನಮ್ಮ ಮಂಗಳಾರತಿ ತಟ್ಟೆಯಲ್ಲಿ ಉರಿಯುವುದು ಹೆಚ್ಚಾಗಿ ಅದೇ.

1889ರಲ್ಲಿ ಅಮೆರಿಕದ ಈಸ್ಟ್‌ಮನ್ ಕಂಪನಿ ಸೆಲ್ಯುಲೋಸ್ ನೈಟ್ರೇಟಿನ ತೆಳು ಪಟ್ಟಿಯ ಮೇಲೆ ಛಾಯಾಚಿತ್ರದ ಲೇಪ ಹಚ್ಚಿ ಸುರುಳಿ ಮಾಡಿ ಮಾರಲು ಶುರು ಮಾಡಿತು. ಇದೇ ಬಗೆಯ ಫಿಲಂಗೆ ಹ್ಯಾನಿಬಲ್ ಗುಡ್ವಿನ್ ಎಂಬ ಪಾದ್ರಿ 1887ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದ. ಮೊಕದ್ದಮೆ 1914ರವರೆಗೆ ಎಳೆದು ಈಸ್ಟ್‌ಮನ್ ಸೋತಿತು; ಅಷ್ಟರಲ್ಲಿ ಗುಡ್ವಿನ್ ತೀರಿಕೊಂಡು ವರ್ಷಗಳಾಗಿದ್ದವು. ಎಡಿಸನ್‌ನ ಪ್ರಯೋಗಶಾಲೆ ಆ ಪಟ್ಟಿಗೆ ಎರಡೂ ಅಂಚಿನಲ್ಲಿ ತೂತು ಕೊರೆಯಿತು. ಚಿತ್ರ ಚಲಿಸತೊಡಗಿತು.

ಫಿಲಂ ಅಂದರೆ ಒಂದೇ ಪದಾರ್ಥವಲ್ಲ. ಸೆಲ್ಯುಲೋಸಿನ ಪಟ್ಟಿಯ ಒಂದು ಮೈಗೆ ಜೆಲಾಟಿನ್ ಲೇಪ, ಅದರೊಳಗೆ ಬೆಳ್ಳಿಯ ಕಣ. ಒಂದು ಗಿಡದ ಪಾಲಿಮರ್, ಇನ್ನೊಂದು ಪ್ರಾಣಿಯ ಮೂಳೆ ಚರ್ಮದಿಂದ ಬಂದ ಪಾಲಿಮರ್. ಇಬ್ಬರ ಸ್ವಭಾವ ಬೇರೆ. ಗಾಳಿಯ ತೇವ ಹೆಚ್ಚಾದರೆ ಜೆಲಾಟಿನ್ ಬೇಗ ಉಬ್ಬುತ್ತದೆ, ಒಣ ಹವೆಗೆ ಬೇಗ ಕುಗ್ಗುತ್ತದೆ. ಪಟ್ಟಿ ಅಷ್ಟು ಅವಸರ ಮಾಡುವುದಿಲ್ಲ. ಹೀಗಾಗಿ ಫಿಲಂ ಸುರುಳಿಗಟ್ಟುತ್ತದೆ. 1903ರಲ್ಲಿ ಕೊಡಕ್ ಹಿಂಬದಿಗೂ ಜೆಲಾಟಿನ್ ಬಳಿದು ಎರಡೂ ಕಡೆಯ ಎಳೆತವನ್ನು ಸರಿದೂಗಿಸಿತು.

ಈ ಪಟ್ಟಿ ತಾಳಿಕೊಳ್ಳಬೇಕಾದದ್ದು ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿದೆ. 35 ಮಿ.ಮೀ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. 2,16,000 ಚೌಕಟ್ಟುಗಳು. ಒಂದೊಂದು ಚೌಕಟ್ಟಿಗೆ ಪಕ್ಕದಲ್ಲಿ ನಾಲ್ಕು ತೂತು. ಪ್ರತಿ ಚೌಕಟ್ಟನ್ನೂ ಹಲ್ಲುಚಕ್ರ ಎಳೆದು, ದೀಪದ ಮುಂದೆ ನಿಲ್ಲಿಸಿ, ಮತ್ತೆ ಎಳೆಯುತ್ತದೆ. ದಿನಕ್ಕೆ ಎರಡು ಆಟ, ಹಲವು ವಾರ. ಆದ್ದರಿಂದ ಫಿಲಂ ತಯಾರಕರು ಎಳೆದರೆ ಎಷ್ಟು ತಾಳುತ್ತದೆ ಎಂಬುದರ ಜೊತೆಗೆ, ಹಿಂದಕ್ಕೂ ಮುಂದಕ್ಕೂ ಎಷ್ಟು ಸಲ ಮಡಿಸಿದರೆ ತುಂಡಾಗುತ್ತದೆ, ಅಂಚಿನಲ್ಲಿ ಹರಿದರೆ ಸೀಳು ಎಷ್ಟು ದೂರ ಓಡುತ್ತದೆ, ವರ್ಷ ಕಳೆದಂತೆ ಎಷ್ಟು ಕುಗ್ಗುತ್ತದೆ ಎಂದೆಲ್ಲ ಯಂತ್ರದಲ್ಲಿ ಅಳೆಯುತ್ತಿದ್ದರು. ನೂರಕ್ಕೆ ಒಂದರಷ್ಟು ಕುಗ್ಗಿದರೂ ತೂತು ಹಲ್ಲಿಗೆ ಸರಿಯಾಗಿ ಕೂರದೆ ಫಿಲಂ ಹರಿಯತೊಡಗುತ್ತದೆ.

ಮಾವನಿಗೆ ಈ ಯಂತ್ರಗಳು ಗೊತ್ತಿರಲಿಲ್ಲ. ಅವರು ಫಿಲಂ ತುದಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ಸದ್ದು ಕೇಳುತ್ತಿದ್ದರು. "ಇದು ಬಾಳೆನಾರು ಇದ್ದಂಗೆ ಕಣೋ ಮರಿ. ಹಸಿ ಇದ್ರೆ ಹೂ ಕಟ್ಟಬೌದು, ಒಣಗಿದ್ರೆ ಮುರೀತದೆ" ಎನ್ನುತ್ತಿದ್ದರು.

ನೈಟ್ರೇಟ್ ಫಿಲಂ ಗಟ್ಟಿಯಾಗಿತ್ತು, ಬಳುಕುತ್ತಿತ್ತು, ತಿಳಿಯಾಗಿತ್ತು. ಅದರ ದೋಷ ಹುಟ್ಟಿನಲ್ಲೇ ಇತ್ತು: ಅದು ಸಿಡಿಮದ್ದಿನ ತಮ್ಮ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಲ್ಲಿ ಮುಳುಗಿಸಿದರೂ ಉರಿಯುತ್ತದೆ. 1929ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಫಿಲಂಗಳಿಗೆ ಬೆಂಕಿ ಬಿದ್ದು, ಬಹುಪಾಲು ವಿಷದ ಹೊಗೆಯಿಂದಲೇ, 120ಕ್ಕೂ ಹೆಚ್ಚು ಜನ ಸತ್ತರು.

ಬದಲಿ ಪದಾರ್ಥ ಮೊದಲೇ ಗೊತ್ತಿತ್ತು. ನೈಟ್ರಿಕ್ ಆಮ್ಲದ ಜಾಗದಲ್ಲಿ ಅಸಿಟಿಕ್ ಆಮ್ಲದ ಸಂಬಂಧಿಗಳನ್ನು ಬಳಸಿದರೆ ಸೆಲ್ಯುಲೋಸ್ ಅಸಿಟೇಟ್ ಆಗುತ್ತದೆಂದು 1865ರಲ್ಲೇ ಪೌಲ್ ಶುಟ್ಜೆನ್‌ಬರ್ಜರ್ ತೋರಿಸಿದ್ದ. ಮೊದಲ ಮಹಾಯುದ್ಧದಲ್ಲಿ ಬಟ್ಟೆ ಹೊದಿಸಿದ ವಿಮಾನದ ರೆಕ್ಕೆ ಬಿಗಿಯಾಗಲು ಬಳಿಯುತ್ತಿದ್ದುದು ಇದನ್ನೇ. 1909ರಲ್ಲಿ ಕೊಡಕ್ ಅಸಿಟೇಟಿನ ಸಿನಿಮಾ ಫಿಲಂ ಹೊರತಂದಿತು ಕೂಡ. ಆದರೆ ಅದು ಪ್ರೊಜೆಕ್ಟರಿನಲ್ಲಿ ಬಾಳಲಿಲ್ಲ. ಬೇಗ ಸವೆಯುತ್ತದೆ, ಕುಗ್ಗುತ್ತದೆ, ಹರಿಯುತ್ತದೆ ಎಂಬ ದೂರುಗಳು ಬಂದು ಉದ್ಯಮ ಕೆಲವೇ ವರ್ಷಗಳಲ್ಲಿ ಬೆಂಕಿಯ ಫಿಲಂಗೇ ಮರಳಿತು. ನೈಟ್ರೇಟಿಗೂ ಕರ್ಪೂರಕ್ಕೂ ಕೂಡಿಬಂದ ಹೊಂದಾಣಿಕೆ ಅಸಿಟೇಟಿಗೆ ಕೂಡಿಬರಲಿಲ್ಲ. ಅದಕ್ಕೆ ಬೇರೆ ಜೊತೆಗಾರ ಬೇಕಿತ್ತು. ಕೊನೆಗೆ 1948ರಲ್ಲಿ ಕೊಡಕ್ ಸೆಲ್ಯುಲೋಸ್ ಟ್ರೈಅಸಿಟೇಟಿನ ಫಿಲಂ ಬಿಡುಗಡೆ ಮಾಡಿತು. ಇಂಥ ಫಿಲಂಗಳಲ್ಲಿ ಬಳುಕು ಕೊಟ್ಟದ್ದು ಟ್ರೈಫಿನೈಲ್ ಫಾಸ್ಫೇಟ್‌ನಂಥ ವಸ್ತುಗಳು. ಬೆಂಕಿ ತಡೆಯುವ ಗುಣವೂ ಅದಕ್ಕಿತ್ತು. ಈ ಸಾಧನೆಗೆ 1950ರಲ್ಲಿ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿ ಸಂದಿತು. 1950ರ ದಶಕದ ಆರಂಭಕ್ಕೆ ಕೊಡಕ್ ನೈಟ್ರೇಟ್ ತಯಾರಿಕೆ ನಿಲ್ಲಿಸಿತು. ಹೊಸ ಫಿಲಂಗೆ 'ಸೇಫ್ಟಿ ಫಿಲಂ' ಎಂದೇ ಹೆಸರು.

ಸೇಫ್ಟಿ ಫಿಲಂ ಕೆಡುತ್ತಿದೆ ಎಂದು ಕೊಡಕ್‌ಗೆ ಮೊಟ್ಟಮೊದಲ ವರದಿ ಹೋದದ್ದು ಭಾರತ ಸರ್ಕಾರದಿಂದ. ಅದು ಮಾರುಕಟ್ಟೆಗೆ ಬಂದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಸೆಕೆ ಮತ್ತು ತೇವ ತುಂಬಿದ ಕೋಣೆಯಲ್ಲಿಟ್ಟ ಫಿಲಂನಿಂದ ಹುಳಿ ವಾಸನೆ ಬರುತ್ತಿತ್ತು. ಗಾಳಿಯ ನೀರು ಸೆಲ್ಯುಲೋಸ್ ಸರಪಳಿಗೆ ಅಂಟಿಸಿದ್ದ ಅಸಿಟೇಟನ್ನು ಕಿತ್ತು ಮತ್ತೆ ಅಸಿಟಿಕ್ ಆಮ್ಲ, ಅಂದರೆ ವಿನಿಗರ್, ಮಾಡುತ್ತದೆ. ಆ ಆಮ್ಲ ಇನ್ನಷ್ಟು ಅಸಿಟೇಟನ್ನು ಕೀಳಲು ನೆರವಾಗುತ್ತದೆ. ಹೆಪ್ಪು ಹಾಕಿದ ಹಾಲಿನಂತೆ, ಒಮ್ಮೆ ಹುಳಿ ಶುರುವಾದರೆ ವೇಗ ಹೆಚ್ಚುತ್ತಲೇ ಹೋಗುತ್ತದೆ. ಪಟ್ಟಿ ಕುಗ್ಗುತ್ತದೆ. ಒಳಗೆ ಜಾಗ ಸಾಲದೆ ಬಳುಕು ಕೊಡುತ್ತಿದ್ದ ವಸ್ತು ಹೊರಗೆ ಬಂದು ಬಿಳಿ ಪುಡಿಯಾಗಿ ಕೂರುತ್ತದೆ. ನನ್ನ ಡಬ್ಬದಲ್ಲಿ ಕಂಡದ್ದು ಅದೇ. ಅಮೆರಿಕದ ರಾಚೆಸ್ಟರಿನ ಸಂಶೋಧಕರ ಲೆಕ್ಕದ ಪ್ರಕಾರ, 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 50ರ ತೇವಾಂಶದಲ್ಲಿ ಹೊಸ ಅಸಿಟೇಟ್ ಫಿಲಂಗೆ ಹುಳಿ ಹಿಡಿಯಲು ಸುಮಾರು 40 ವರ್ಷ ಬೇಕು. ನಮ್ಮ ಅಟ್ಟಗಳಲ್ಲಿ, ಗೋದಾಮುಗಳಲ್ಲಿ 21 ಡಿಗ್ರಿ ಯಾವ ತಿಂಗಳಲ್ಲಿ ಇರುತ್ತದೆ?

ನೈಟ್ರೇಟಿನ ಸಾವು ಬೇರೆ ಬಗೆಯದು. ಕರ್ಪೂರ ನಿಧಾನಕ್ಕೆ ಹಾರಿಹೋಗುತ್ತದೆ. ತೆರೆದಿಟ್ಟ ಕರ್ಪೂರದ ಬಿಲ್ಲೆ ಕರಗಿದಂತೆಯೇ, ಕಣ್ಣಿಗೆ ಕಾಣದೆ. ಜೊತೆಗೆ ನೈಟ್ರೇಟಿನಿಂದ ಬರುವ ಅನಿಲ ತೇವದೊಡನೆ ಸೇರಿ ನೈಟ್ರಿಕ್ ಆಮ್ಲವಾಗಿ, ಬಿಂಬವನ್ನೂ ಪಟ್ಟಿಯನ್ನೂ ತಿನ್ನುತ್ತದೆ. ಮೊದಲು ಅಂಟಂಟು, ಕೊನೆಗೆ ಕಂದು ಪುಡಿ.

ಕೆಡದೆ ಉಳಿದವನ್ನು ಕೆಡಿಸಲು ಮನುಷ್ಯರಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಂಚ್ ಸೈನ್ಯ ಜಾರ್ಜ್ ಮೆಲಿಯೆಯ ನೂರಾರು ಪ್ರಿಂಟುಗಳನ್ನು ವಶಪಡಿಸಿಕೊಂಡು ಕರಗಿಸಿತು. ಬೆಳ್ಳಿ ತೆಗೆದುಕೊಂಡು, ಸೆಲ್ಯುಲಾಯ್ಡಿನಿಂದ ಬೂಟಿನ ಹಿಮ್ಮಡಿ ಮಾಡಿದರು. ನಮ್ಮಲ್ಲೂ ಓಡಿ ಮುಗಿದ ಚಿತ್ರವನ್ನು ಬೆಳ್ಳಿಗಾಗಿ ತೊಳೆಯಲು ತೂಕದ ಮೇಲೆ ಮಾರುವುದು ಮಾಮೂಲಿಯಾಗಿತ್ತು. 1934ರಲ್ಲಿ ವೈ.ವಿ. ರಾವ್ ನಿರ್ದೇಶಿಸಿದ 'ಸತಿ ಸುಲೋಚನ' ಕನ್ನಡದ ಮೊದಲ ಮಾತಿನ ಚಿತ್ರವಾಗಿ ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ನಟಿಸಿದ್ದರು. ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ಪರದೆಯ ಮೇಲೆ ಕನ್ನಡ ಮೊದಲು ಹೇಗೆ ಮಾತಾಡಿತು ಎಂದು ಕೇಳಿಸಿಕೊಳ್ಳುವ ದಾರಿ ನಮಗಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. 2003ರ ಜನವರಿಯಲ್ಲಿ ಪುಣೆಯಲ್ಲೇ ನೈಟ್ರೇಟ್ ಫಿಲಂ ಇಟ್ಟಿದ್ದ ಕೋಣೆಗಳಿಗೆ ಬೆಂಕಿ ಬಿದ್ದು, ಉಳಿದಿದ್ದವುಗಳಲ್ಲಿಯೂ ಎಷ್ಟೋ ಹೋದವು.

ಇದನ್ನೆಲ್ಲ ನಮ್ಮ ಅಸಡ್ಡೆ ಎಂದು ಹೇಳಿ ಮುಗಿಸುವುದು ನನಗೆ ರೂಢಿಯಾಗಿತ್ತು. ಅಸಡ್ಡೆ ಇತ್ತು, ನಿಜ. ಆದರೆ ಪದಾರ್ಥದ ಕತೆ ತಿಳಿದ ಮೇಲೆ ಇನ್ನೊಂದು ಮಾತು ಸೇರಿಸಬೇಕಾಗಿದೆ. ಈ ಬೆರಕೆಯನ್ನು ಯಾರೂ ನೂರು ವರ್ಷ ಬಾಳಲೆಂದು ಮಾಡಿರಲಿಲ್ಲ. ಪ್ರೊಜೆಕ್ಟರಿನಲ್ಲಿ ಕೆಲವು ನೂರು ಸಲ ಓಡಲೆಂದು ಮಾಡಿದ್ದರು. ಓಡಲು ಬಳುಕು ಬೇಕು, ಬಳುಕಿಗೆ ಪುಟ್ಟ ಅಣು ಬೇಕು, ಪುಟ್ಟ ಅಣು ಒಳಗೆ ಸುಲಭವಾಗಿ ನುಸುಳುತ್ತದೆ ಎಂದರೆ ಹೊರಗೂ ನುಸುಳುತ್ತದೆ. ಬರ್ಮಿಂಗ್‌ಹ್ಯಾಮಿನ ಬಾಚಣಿಗೆಯನ್ನು ಸೊಟ್ಟ ಮಾಡಿದ ತೊಡಕೇ ನೂರು ವರ್ಷದ ಮೇಲೆ ನಮ್ಮ ಅಟ್ಟಕ್ಕೂ ಬಂತು.

ಪರಿಹಾರ ಎರಡು ದಿಕ್ಕಿನಲ್ಲಿ ಹುಡುಕಿದರು. ಒಂದು, ಸೆಲ್ಯುಲೋಸನ್ನೇ ಬಿಟ್ಟುಬಿಡುವುದು. ಕೊನೆಕೊನೆಗೆ ಚಿತ್ರಮಂದಿರಕ್ಕೆ ಬಂದ ಪ್ರಿಂಟುಗಳು ಪಾಲಿಯೆಸ್ಟರಿನವು. ಅದಕ್ಕೆ ಬಳುಕು ಕೊಡಲು ಏನನ್ನೂ ಬೆರೆಸಬೇಕಿಲ್ಲ. ಆದರೆ ಅದರ ಗಟ್ಟಿತನವೇ ಆಪರೇಟರುಗಳಿಗೆ ತಲೆನೋವು: ಸಿಕ್ಕಿಕೊಂಡರೆ ಫಿಲಂ ಹರಿಯುವುದಿಲ್ಲ, ಯಂತ್ರದ ಭಾಗ ಮುರಿಯುತ್ತದೆ. ಫಿಲಂ ಸಿಮೆಂಟ್‌ಗೆ ಅದು ಕರಗದು, ಹಾಗಾಗಿ ಅಂಟದು. ಮಾವ ಕೊನೆಯ ವರ್ಷಗಳಲ್ಲಿ ಟೇಪು ಹಚ್ಚುತ್ತ ಗೊಣಗುತ್ತಿದ್ದರು.

ಇನ್ನೊಂದು ದಿಕ್ಕು, ಹಾರಿಹೋಗದ ಜೊತೆಗಾರನನ್ನು ಹುಡುಕುವುದು. ಪುಟ್ಟ ಅಣುವಿನ ಬದಲು ಇನ್ನೊಂದು ಉದ್ದ ಸರಪಳಿಯನ್ನೇ, ಅಂದರೆ ಮತ್ತೊಂದು ಪಾಲಿಮರನ್ನೇ ಬೆರೆಸಿದರೆ, ಅದು ಸಿಕ್ಕುಹಾಕಿಕೊಂಡು ಒಳಗೇ ಉಳಿಯುತ್ತದೆ. ನೈಟ್ರೋಸೆಲ್ಯುಲೋಸ್ ಈ ವಿಷಯದಲ್ಲಿ ಸ್ನೇಹಮಯಿ. 1920ರ ದಶಕದಿಂದ ಕಾರಿನ ಬಣ್ಣಗಳಲ್ಲಿ ಅದು ಬೇರೆ ರಾಳಗಳೊಂದಿಗೆ ಹೊಂದಿಕೊಂಡಿತು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಮೆದು ಪಾಲಿಯೆಸ್ಟರಿನೊಂದಿಗೂ ಚೆನ್ನಾಗಿ ಬೆರೆಯುತ್ತದೆ. ಅಸಿಟೇಟ್ ಹಾಗಲ್ಲ. ಹೆಚ್ಚಿನ ಪಾಲಿಮರುಗಳು ಅದರೊಳಗೆ ಬೆರೆಯದೆ ಸಾರಿನ ಮೇಲಿನ ಎಣ್ಣೆಯಂತೆ ಬೇರೆಬೇರೆ ಹನಿಗಳಾಗಿ ನಿಲ್ಲುತ್ತವೆ. ಹನಿಯ ಅಂಚಿನಲ್ಲಿ ಹಿಡಿತ ಸಾಲದು; ಎಳೆದಾಗ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬೆರೆತರೂ, ಉದ್ದ ಸರಪಳಿ ಪುಟ್ಟ ಅಣುವಿನಷ್ಟು ಬಳುಕು ಕೊಡದು. ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ಬೇಕೆಂದು ಇವತ್ತು ಮತ್ತೆ ಸೆಲ್ಯುಲೋಸಿನ ಕಡೆ ತಿರುಗಿರುವ ಪ್ರಯೋಗಶಾಲೆಗಳು ಬಗೆಹರಿಸಬೇಕಾಗಿರುವುದು ಪಾರ್ಕ್ಸ್‌ನ ಹಳೆಯ ಲೆಕ್ಕವನ್ನೇ: ಗಟ್ಟಿತನ, ಬಳುಕು, ಬಾಳಿಕೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ತಗ್ಗುತ್ತದೆ.

ಬಿಸ್ಕತ್ತಿನ ಡಬ್ಬಕ್ಕೆ ಮರಳುತ್ತೇನೆ. ಫಿಲಂ ಕಾಪಾಡುವವರು ಹೇಳುವ ಒಂದು ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಸಿಟೇಟ್ ಫಿಲಂನ್ನು ಗಾಳಿಯಾಡದಂತೆ ಮುಚ್ಚಿಡಬಾರದಂತೆ. ಹೊರಹೋಗಬೇಕಾದ ಆಮ್ಲದ ಆವಿ ಒಳಗೇ ತುಂಬಿ ಹುಳಿ ಬೇಗ ಏರುತ್ತದೆ. ಒಂದು ತುಂಡಿನ ಹುಳಿ ಪಕ್ಕದ ತುಂಡಿಗೂ ಹತ್ತುತ್ತದೆ. ಹಾಸ್ಟೆಲ್‌ಗೆ ಹೋಗುವ ಹುಡುಗ ಧೂಳು ಹೋಗಬಾರದು, ಹಲ್ಲಿ ಹೋಗಬಾರದು, ತಮ್ಮಂದಿರ ಕೈ ಹೋಗಬಾರದು ಎಂದು ಮೂರು ಸುತ್ತು ಅಂಟುಪಟ್ಟಿ ಸುತ್ತಿದ್ದ.

ಕೆಟ್ಟವುಗಳನ್ನು ಬೇರೆ ಮಾಡಿದೆ. ಬಿಂಬ ಇನ್ನೂ ಕಾಣುತ್ತಿದ್ದವು ಹನ್ನೊಂದು ತುಂಡುಗಳು. ಅವನ್ನು ಹೇಗೋ ಗಾಜಿನ ಕೆಳಗೆ ಚಪ್ಪಟೆ ಮಾಡಿ ಫೋಟೋ ತೆಗೆದೆ. ಒಂದರಲ್ಲಿ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ. ಯಾವ ಚಿತ್ರವೋ, ಯಾವ ನಟಿಯೋ ಗೊತ್ತಾಗಲಿಲ್ಲ. ತುಂಡುಗಳನ್ನು ಕಾಗದದ ಲಕೋಟೆಗಳಲ್ಲಿ ಹಾಕಿ, ಮನೆಯಲ್ಲಿ ತಂಪಾದ ಜಾಗವೆಂದು ತೋರಿದ ನಡುಮನೆಯ ಗೂಡಿನಲ್ಲಿ ಇಟ್ಟಿದ್ದೇನೆ. ತಗಡಿನ ಡಬ್ಬವನ್ನು ತೊಳೆದು ಬಿಸಿಲಿಗೆ ಇಟ್ಟೆ. ಹುಳಿ ವಾಸನೆ ಹೋಗಲು ನಾಲ್ಕು ದಿನ ಬೇಕಾಯಿತು.